ನೇರಳಾತೀತ ಟಾರ್ಚು: ಚೇಳಿಗೆ ಸರಿ, ನೋಟಿಗೆ ಅಷ್ಟಕ್ಕಷ್ಟೆ

ವಿಜಯಪುರದ ಮಾರುಕಟ್ಟೆಯಲ್ಲಿ ಕೊಂಡ ಈ ನೇರಳಾತೀತ ಟಾರ್ಚು 395 ನ್ಯಾನೊಮೀಟರ್ ತರಂಗಾಂತರದ್ದಾಗಿದ್ದು, ತೋಟದ ಮನೆಯಲ್ಲಿ ಇರುವವರಿಗೆ ಚೇಳು ಹುಡುಕುವ ಒಂದೇ ಕಾರಣಕ್ಕಾದರೂ ಕೊಳ್ಳಲು ಯೋಗ್ಯವಾಗಿದೆ. ಚೇಳಿನ ಹೊರಕವಚದಲ್ಲಿರುವ ರಾಸಾಯನಿಕಗಳು ಈ ಕಿರಣವನ್ನು ಹೀರಿ ಹಸಿರು ಮಿಶ್ರಿತ ನೀಲಿ ಬಣ್ಣದಲ್ಲಿ ಹೊಳೆಯುವುದರಿಂದ, ಸಾಮಾನ್ಯ ಬೆಳಕಿನಲ್ಲಿ ಕಲ್ಲಿನ ಬಣ್ಣದಲ್ಲೇ ಕಲೆತುಹೋಗುವ ಚೇಳು ಕಟ್ಟಿಗೆಯ ರಾಶಿಯಲ್ಲಿ, ಹಾಸುಗಲ್ಲಿನ ಸಂದಿಯಲ್ಲಿ, ಜೋಳದ ಕಣಿಕೆಯ ಬಣವೆಯ ಬುಡದಲ್ಲಿ ಹಲವು ಅಡಿ ದೂರದಿಂದಲೇ ಕಾಣುತ್ತದೆ. ಆದರೆ ಆಗತಾನೆ ಪೊರೆ ಕಳಚಿದ ಚೇಳು ಹೊಳೆಯುವುದಿಲ್ಲ. ಆದ್ದರಿಂದ ಕತ್ತಲೆಯಲ್ಲಿ ಬರಿಗಾಲಿನಲ್ಲಿ ಓಡಾಡಲು ಇದು ಪರವಾನಗಿಯಲ್ಲ.

ನೋಟು ಪರೀಕ್ಷೆಯಲ್ಲಿ ಇದು ನಿರಾಸೆ ಮೂಡಿಸುತ್ತದೆ. ಅಸಲಿ ನೋಟಿನ ಕ್ರಮಸಂಖ್ಯೆ ಹೊಳೆಯುತ್ತದೆ, ಕಾಗದ ಮಂಕಾಗಿಯೇ ಉಳಿಯುತ್ತದೆ. ಆದರೆ ಈ ಟಾರ್ಚಿನ ನೇರಳೆ ಬೆಳಕೇ ಆ ವ್ಯತ್ಯಾಸವನ್ನು ಮುಚ್ಚಿಬಿಡುತ್ತದೆ. ಅಂಗಡಿಕಾರರು ಬೆಲೆ ಹೆಚ್ಚಾದರೂ, ಕಣ್ಣಿಗೆ ಕಾಣುವ ನೇರಳೆ ಬೆಳಕು ಕಡಿಮೆ ಇರುವ 365 ನ್ಯಾನೊಮೀಟರಿನದನ್ನೇ ಕೇಳಿ ಪಡೆಯಬೇಕು. ಕಾಳಿನ ಕೋಣೆಯಲ್ಲಿ ಇಲಿಮೂತ್ರದ ಕಲೆಗಳನ್ನು ಪತ್ತೆಹಚ್ಚಲು ಈ 395 ನ್ಯಾನೊಮೀಟರಿನ ಟಾರ್ಚೇ ಸಾಕಾದರೂ, ಸೋಪಿನ ಪುಡಿಯ ಕಲೆಯೂ ಹೊಳೆಯುವುದರಿಂದ ಗೊಂದಲ ತಪ್ಪಿದ್ದಲ್ಲ. ಕಿರಣವನ್ನು ಯಾರ ಕಣ್ಣಿಗೂ ಬಿಡಬಾರದೆಂಬ ಎಚ್ಚರಿಕೆ ಡಬ್ಬಿಯ ಮೇಲೆ ಎಲ್ಲಿಯೂ ಇಲ್ಲದಿರುವುದು ದೊಡ್ಡ ಲೋಪ. ಮಕ್ಕಳಿರುವ ಮನೆಯವರು ಇದನ್ನು ಅವರ ಕೈಗೆಟುಕದಂತೆ ಇಡಬೇಕು.