ಲಕೋಟೆಯ ಮೇಲಿನ ತಾರೀಖು: ಎರಡು ರಾಜ್ಯ, ಒಂದು ಮತಗಟ್ಟೆ

ಅಮೆರಿಕದ ಪೌರತ್ವ ಸಿಕ್ಕ ಮೇಲೆ ನಾನು ಮೂರು ರೀತಿ ವೋಟು ಹಾಕಿದ್ದೇನೆ. 2020ರಲ್ಲಿ ಕ್ಯಾಲಿಫೋರ್ನಿಯಾದಿಂದ ಅಂಚೆಯಲ್ಲಿ. 2022ರಲ್ಲಿ ಪೆನ್ಸಿಲ್ವೇನಿಯಾದಿಂದ, ಅದೂ ಅಂಚೆಯಲ್ಲಿ. 2024ರಲ್ಲಿ ಅಲ್ಲಿಯದೇ ಮತಗಟ್ಟೆಯಲ್ಲಿ ಸಾಲು ನಿಂತು. ಅಂಚೆ ಮತದ ಬಗ್ಗೆ ಇಲ್ಲಿ ಎರಡೂ ಪಕ್ಷಗಳು ಕಿತ್ತಾಡುತ್ತಲೇ ಇವೆ. ದೇಶ ಒಂದೇ, ನಿಯಮ ಮಾತ್ರ ರಾಜ್ಯಕ್ಕೊಂದು.

ಕ್ಯಾಲಿಫೋರ್ನಿಯಾದಲ್ಲಿ ಮತಪತ್ರ ಕೇಳದೆಯೇ ಮನೆಗೆ ಬಂತು. ಕೋವಿಡ್ ಕಾಲದಲ್ಲಿ ಎಲ್ಲರಿಗೂ ಕಳಿಸಲು ಶುರು ಮಾಡಿ, 2021ರಲ್ಲಿ ಅದನ್ನೇ ಕಾಯಂ ಮಾಡಿದರು. ವಾಪಸ್ ಕಳಿಸಲು ಸ್ಟಾಂಪ್ ಬೇಕಿಲ್ಲ, ಲಕೋಟೆಗೆ ಸಹಿ ಹಾಕಿದರಾಯಿತು. ನಾನು ಅಭ್ಯಾಸಬಲದಿಂದ ಕನ್ನಡದಲ್ಲಿ ಸಹಿ ಹಾಕಿಬಿಟ್ಟೆ. ಡ್ರೈವಿಂಗ್ ಲೈಸೆನ್ಸಿಗೆ ಕೊಟ್ಟಿದ್ದ ಸಹಿ ಇಂಗ್ಲಿಷಿನದು. ಅಲ್ಲಿ ಪ್ರತಿ ಸಹಿಯನ್ನೂ ಹಳೆಯದರ ಜೊತೆ ತಾಳೆ ನೋಡುತ್ತಾರೆ. ಸ್ವಲ್ಪ ದಿನಕ್ಕೆ ಕಾಗದ ಬಂತು: ಸಹಿ ಹೊಂದುತ್ತಿಲ್ಲ, ಈ ಫಾರಂ ತುಂಬಿ ಕಳಿಸಿ. ಕಳಿಸಿದೆ. ವೋಟು ಎಣಿಕೆಗೆ ಸೇರಿತು ಎಂದು ಮೊಬೈಲಿಗೆ ಮೆಸೇಜ್ ಬಂದಾಗ ನಿಜಕ್ಕೂ ಸಮಾಧಾನವಾಯಿತು.

ಪೆನ್ಸಿಲ್ವೇನಿಯಾದಲ್ಲಿ ಅರ್ಜಿ ಹಾಕಬೇಕು. ಲಕೋಟೆ ಎರಡು. ಮತಪತ್ರವನ್ನು ಒಳಗಿನ ಗುಟ್ಟಿನ ಲಕೋಟೆಗೆ ಹಾಕದಿದ್ದರೆ ವೋಟು ಅಸಿಂಧು. ಹೊರಗಿನದಕ್ಕೆ ಸಹಿ ಮತ್ತು ತಾರೀಖು ಬೇಕು. ಸಹಿ ತಾಳೆಯಾಗಲಿಲ್ಲ ಎಂದು ಇಲ್ಲಿ ತಿರಸ್ಕರಿಸುವ ಹಾಗಿಲ್ಲ. ಆದರೆ 2022ರಲ್ಲಿ ತಾರೀಖು ಬಿಟ್ಟರೆ, ತಪ್ಪು ಬರೆದರೆ ಲಕೋಟೆಯನ್ನು ಬದಿಗಿಡಬೇಕೆಂದು ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತ್ತು.

ನಾನು ನವೆಂಬರ್ 2ರಂದು, ಅಡುಗೆಮನೆಯ ಮೇಜಿನ ಮೇಲೆ ಎಲ್ಲ ಅಂಟಿಸಿ, ನಮ್ಮೂರ ಕ್ರಮದಲ್ಲಿ 2/11/2022 ಎಂದು ಬರೆದೆ. ಇಲ್ಲಿ ತಿಂಗಳು ಮೊದಲು ಅಲ್ವಾ? ಅವರ ಲೆಕ್ಕಕ್ಕೆ ಅದು ಫೆಬ್ರವರಿ 11. ಹೆಂಡತಿ ನೋಡಿದ್ದಕ್ಕೆ ಆಯಿತು. ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಕಚೇರಿಗೆ ಹೋಗಿ ಬೇರೆ ಮತಪತ್ರ ತಂದೆ. ಪೋಸ್ಟ್ ಮಾಡಿದ ಮೇಲೆ ಗೊತ್ತಾಗಿದ್ದರೆ? ತಪ್ಪು ತಿದ್ದಲು ಕೆಲವು ಕೌಂಟಿಗಳು ಅವಕಾಶ ಕೊಡುತ್ತವೆ, ಕೆಲವು ಕೊಡುವುದಿಲ್ಲ.

ಲಕೋಟೆ ತಲುಪಿದ ಕೂಡಲೇ ಕಚೇರಿಯವರೇ ಮುದ್ರೆ ಒತ್ತುತ್ತಾರೆ. ಮತ್ತೆ ನಮ್ಮ ಕೈಬರಹದ ತಾರೀಖು ಯಾಕೆ? 2021ರಲ್ಲಿ ಲೀಹೈ ಕೌಂಟಿಯ ನ್ಯಾಯಾಧೀಶರ ಚುನಾವಣೆಯಲ್ಲಿ ಸಮಯಕ್ಕೆ ಬಂದಿದ್ದ 257 ಲಕೋಟೆಗಳಿಗೆ ತಾರೀಖಿರಲಿಲ್ಲ. ಕೋರ್ಟು ಹತ್ತಿ, ಮರುವರ್ಷ ಅವನ್ನೂ ಎಣಿಸಿದಾಗ, ಹಿಂದಿದ್ದ ಜ್ಯಾಕರಿ ಕೋಹೆನ್ ಬರೀ 5 ಮತದಿಂದ ಗೆದ್ದರು. ತಾರೀಖಿಲ್ಲ ಎಂದು ವೋಟು ಎಸೆಯುವುದು ಸಂವಿಧಾನಕ್ಕೆ ವಿರುದ್ಧ ಎಂದು ಫೆಡರಲ್ ಮೇಲ್ಮನವಿ ಕೋರ್ಟು ಹೇಳಿದ್ದು 2025ರ ಆಗಸ್ಟ್‌ನಲ್ಲಿ.

ಎಣಿಕೆಯಲ್ಲಿ ಎರಡೂ ರಾಜ್ಯ ನಿಧಾನ, ಕಾರಣ ಬೇರೆ. ಪೆನ್ಸಿಲ್ವೇನಿಯಾದಲ್ಲಿ ಮತದಾನದ ದಿನ ಬೆಳಿಗ್ಗೆ 7ರ ಮೊದಲು ಲಕೋಟೆ ಬಿಚ್ಚುವಂತಿಲ್ಲ. 2020ರಲ್ಲಿ ಮಂಗಳವಾರ ವೋಟಾಗಿ, ಗೆದ್ದವರು ಯಾರೆಂದು ತಿಳಿಯಲು ಶನಿವಾರವಾಯಿತು. ಆ ನಾಲ್ಕು ದಿನದಲ್ಲಿ ಮುನ್ನಡೆ ಟ್ರಂಪ್‌ರಿಂದ ಬೈಡನ್‌ಗೆ ಹೋಯಿತು, ಮೋಸದ ಗುಲ್ಲೆದ್ದಿತು. ಮೊದಲೇ ಬಿಚ್ಚಲು ಶಾಸಕರು ಬಿಟ್ಟಿದ್ದರೆ ಇಷ್ಟು ರಂಪ ಆಗುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 29 ದಿನ ಮೊದಲೇ ಕೆಲಸ ಶುರು, ಆದರೆ ಮತದಾನದ ದಿನದೊಳಗೆ ಅಂಚೆ ಮುದ್ರೆ ಬಿದ್ದದ್ದು ಏಳು ದಿನ ತಡವಾಗಿ ಬಂದರೂ ತಗೋತಾರೆ. 2024ರಲ್ಲಿ ಅಲ್ಲಿಂದ ಅಮೆರಿಕದ ಸಂಸತ್ತಿನ ಕೆಳಮನೆಗೆ ನಿಂತಿದ್ದ ಆ್ಯಡಮ್ ಗ್ರೇ 187 ಮತದಿಂದ ಗೆದ್ದದ್ದು ತಿಳಿಯಲು ಡಿಸೆಂಬರ್ ಬಂತು. ಇಷ್ಟು ಕಾಯಿಸುವುದು ನನಗೆ ಇಷ್ಟವಿಲ್ಲ. ಮತದಾನದ ದಿನ ರಾತ್ರಿ 8ರೊಳಗೆ ಲಕೋಟೆ ಕಚೇರಿಗೆ ತಲುಪಬೇಕೆಂಬ ಪೆನ್ಸಿಲ್ವೇನಿಯಾದ ಗಡುವೇ ಸರಿ.

ಮತಗಟ್ಟೆಯಲ್ಲಿ ಒಂದೂವರೆ ಗಂಟೆ ನಿಂತೆ. ಯಂತ್ರ ಮತಪತ್ರ ಒಳಗೆಳೆದುಕೊಂಡಿತು, ಪರದೆಯ ಅಂಕಿ ಒಂದು ಏರಿತು. ಆ ಖಾತ್ರಿ ಅಂಚೆಯಲ್ಲಿ ಸಿಗಲ್ಲ. ನನಗಿನ್ನು ಮತಗಟ್ಟೆಯೇ.

ನಮ್ಮ ಅತ್ತೆಗೆ ಮಂಡಿನೋವು, ಅವರು ಸಾಲು ನಿಲ್ಲಲಾರರು. ಲಕೋಟೆ ಅಂಟಿಸುವಾಗ ನಾನು ಪಕ್ಕದಲ್ಲಿ ಕೂತು ತಾರೀಖಿನ ಚೌಕದ ಮೇಲೆ ಬೆರಳಿಡುತ್ತೇನೆ. "ತಿಂಗಳು ಮೊದಲು ಬರೀರಿ, ಅತ್ತೆ."