ನೀಲಗಿರಿ ಎಲೆಯ ಘಾಟು: ನಾಲ್ಕು ಸೆನ್ಸರ್‌ಗಳ ಮೂಗು ಪರೀಕ್ಷೆ

ಮಾಲೂರಿನ ಕಡೆ ನಮ್ಮ ಹೊಲಕ್ಕೆ ಅಂಟಿಕೊಂಡೇ ಒಂದು ನೀಲಗಿರಿ ತೋಪಿದೆ. ಮಾರ್ಚ್ ಬಂತೆಂದರೆ ಪಾದ ಮುಳುಗುವಷ್ಟು ತರಗೆಲೆ. ಯಾರೋ ಒಂದು ಬೀಡಿ ಎಸೆದರೆ ಸಾಕು. ಎರಡು ವರ್ಷದ ಹಿಂದೆ ಹಾಗೇ ಆಯಿತು. ಬೆಂಕಿ ಇನ್ನೂ ಒಂದೆರಡು ಮಾರು ಆಚೆ ಇರುವಾಗಲೇ ಈಚೆಯ ಎಳೆ ಗಿಡವೊಂದು ಭಗ್ ಅಂತ ಹತ್ತಿಕೊಂಡಿತು.

ಅದಕ್ಕೆ ಕಾರಣ ಎಲೆಯೊಳಗಿನ ಎಣ್ಣೆ. ಅದರಲ್ಲಿ ಸಿನಿಯೋಲ್, ಪೈನೀನ್ ಅಂತ ಇರುತ್ತವೆ. ತಳಿ ಬದಲಾದರೆ ಪ್ರಮಾಣವೂ ಬದಲಾಗುತ್ತದೆ. ಸಿನಿಯೋಲ್ ಸುಮಾರು 49 ಡಿಗ್ರಿಗೆ, ಪೈನೀನ್ 33 ಡಿಗ್ರಿ ಆಸುಪಾಸಿಗೇ ಕಿಡಿ ತಾಗಿದರೆ ಹತ್ತುವಷ್ಟು ಆವಿ ಬಿಡುತ್ತವೆ. ಬೆಂಕಿಯ ಝಳ ಮುಂದಿನ ಗಿಡಕ್ಕೆ ಬಡಿದಾಗ ಈ ಆವಿ ಮೊದಲು ಹೊರಗೆ ಬರುತ್ತದೆ. ಇದನ್ನು ಸೆನ್ಸರ್ ಮೂಸಿ ಹೇಳಬಹುದಾ ಅಂತ ನಾನು ತಲೆಗೆ ಹುಳ ಬಿಟ್ಟುಕೊಂಡೆ.

ಗಾಳಿಯಲ್ಲಿನ ಅನಿಲ, ಆವಿ ಮೂಸುವ ಪುಟ್ಟ ಸೆನ್ಸರ್‌ಗಳಲ್ಲಿ ತಂದದ್ದು ಮೂರು: ಎಂಕ್ಯೂ-2, ಎಸ್‌ಜಿಪಿ40, ಬಿಎಂಇ688. ನಾಲ್ಕನೆಯದು ಪಿಐಡಿ, ಅಂದರೆ ಫೋಟೋ ಅಯೊನೈಸೇಷನ್ ಡಿಟೆಕ್ಟರ್, ನೇರಳಾತೀತ ಬೆಳಕಿನಿಂದ ಆವಿ ಅಳೆಯುವ ಉಪಕರಣ. ಅದರ ಬೆಲೆ ಲಕ್ಷದ ಲೆಕ್ಕ, ಹಾಗಾಗಿ ಗೆಳೆಯ ಒಂದು ಭಾನುವಾರದ ಮಟ್ಟಿಗೆ ಎರವಲು ಕೊಟ್ಟ.

ಪರೀಕ್ಷೆ ಅಡುಗೆಮನೆಯಲ್ಲೇ. ಗ್ಯಾಸ್ ಉರಿ ಬೇಡವೆಂದು ಕರೆಂಟ್ ಒಲೆ, ಅದರ ಮೇಲೆ ದೋಸೆ ಹಂಚು, ಒಂದಡಿ ದೂರದಲ್ಲಿ ಹಲಗೆಗೆ ಕಟ್ಟಿದ ಸೆನ್ಸರ್‌ಗಳು. ಮೊದಲು ಒಣ ಎಲೆ, ಆಮೇಲೆ ಹಸಿ ಎಲೆ, ಕೊನೆಗೆ ಒಂದು ಒದ್ದೆ ಬಟ್ಟೆ. ಬಟ್ಟೆ ಯಾಕೆ ಅಂದರೆ, ಹಸಿ ಎಲೆ ಕಾದಾಗ ಎಣ್ಣೆಗಿಂತ ಜಾಸ್ತಿ ಬರುವುದು ನೀರಾವಿ. ಬರೀ ನೀರಾವಿಗೇ ಕೂಗಿಕೊಳ್ಳುವ ಸೆನ್ಸರ್ ಇದ್ದೂ ಏನು ಪ್ರಯೋಜನ? ಹತ್ತು ನಿಮಿಷಕ್ಕೆ ಅಮ್ಮ ಬಂದು, "ಯಾರಿಗೋ ನೆಗಡಿ ಆಗಿರೋದು?" ಅಂದಳು. ಮೊದಲ ರೀಡಿಂಗ್ ಅದೇ.

ಎಂಕ್ಯೂ-2 ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಣ ಎಲೆಗೂ ಏರಿತು, ಹಸಿ ಎಲೆಗೂ ಏರಿತು, ಒದ್ದೆ ಬಟ್ಟೆಗೂ ಅಲ್ಲಾಡಿತು. ಒಳಗಿನ ಹೀಟರ್ 5 ವೋಲ್ಟಿನಲ್ಲಿ ಸುಮಾರು 150 ಮಿಲಿಆಂಪಿಯರ್ ಕುಡಿಯುತ್ತದೆ. ಒಂದು ಲ್ಯಾಪ್‌ಟಾಪ್ ಸೆಲ್ ಹಾಕಿ ತೋಪಿನಲ್ಲಿಟ್ಟರೆ ಬೆಳಗಾಗುವುದರೊಳಗೆ ಸತ್ತಿರುತ್ತದೆ. ಹತ್ತಿಕೊಳ್ಳುವ ಆವಿಯ ನಡುವೆ ಕೆಂಡದ ಹಾಗೆ ಕಾದ ಸೆನ್ಸರ್ ಇಡೋದಾ ಅಂತ ಭಯ ಬೇಡ. ಮುಚ್ಚಳದ ಸ್ಟೀಲ್ ಜಾಲರಿ ಇರುವುದೇ ಉರಿ ಹೊರಗೆ ಬಾರದಿರಲಿ ಅಂತ.

ಎಸ್‌ಜಿಪಿ40 ನನ್ನನ್ನು ಎರಡು ದಿನ ಏಮಾರಿಸಿತು. ಗಾಳಿಯಲ್ಲಿ ಆವಿ ಹೆಚ್ಚೋ ಕಡಿಮೆಯೋ ಅಂತ ಇದು ಕೊಡುವ ಅಂಕಿ 0ಯಿಂದ 500. ಹಂಚಿನ ಮುಂದೆ ಅಚ್ಚುಕಟ್ಟಾಗಿ ಏರಿತು. ತೇವಾಂಶದ ಅಂಕಿಯನ್ನು ನಾವೇ ಕೊಟ್ಟರೆ ಒದ್ದೆ ಬಟ್ಟೆಗೂ ಅಷ್ಟಾಗಿ ಮೋಸ ಹೋಗಲಿಲ್ಲ. ಭಲೇ ಅಂತ ತೋಪಿಗೆ ಒಯ್ದು ಮರಕ್ಕೆ ಕಟ್ಟಿದೆ. ಮಾರನೆಯ ದಿನ ಮಟಮಟ ಮಧ್ಯಾಹ್ನ, ನನ್ನ ಮೂಗಿಗೇ ಘಾಟು ಹೊಡೆಯುತ್ತಿದೆ, ಅದು ಮಾತ್ರ 100ರ ಸುತ್ತಲೇ ಕೂತಿದೆ. ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಹಿಂದಿನ 24 ಗಂಟೆಯ ಸರಾಸರಿಯನ್ನೇ ಅದು 100 ಅಂತ ಹಿಡಿಯುತ್ತದೆ. ಅಂದರೆ ಒಂದು ದಿನ ಬಿಟ್ಟರೆ ತೋಪಿನ ಘಾಟೇ ಅದಕ್ಕೆ ಮಾಮೂಲಿ ಗಾಳಿ! ಸೊಸೆ ಬಂದ ಹೊಸದರಲ್ಲಿ ಮೂಗು ಮುರಿದು, ಆಮೇಲೆ ಅದೇ ಮನೆಗೆ ಹೊಂದಿಕೊಂಡ ಹಾಗೆ. ಆ ಅಂಕಿ ಬಿಟ್ಟು ಕಚ್ಚಾ ಸಿಗ್ನಲ್ ಓದಿದರೆ ಮಾತ್ರ ಇದು ಕೆಲಸಕ್ಕೆ ಬರುತ್ತದೆ.

ಬಿಎಂಇ688 ಗಾತ್ರ 3 ಮಿಲಿಮೀಟರ್, ಕಡಲೆಬೇಳೆಗಿಂತ ಚಿಕ್ಕದು. ಉಷ್ಣಾಂಶ, ತೇವ, ಒತ್ತಡ ಎಲ್ಲ ತಾನೇ ಅಳೆಯುತ್ತದೆ. ಹೀಟರನ್ನು ಬೇರೆ ಬೇರೆ ಬಿಸಿಗೆ ಏರಿಸಿ ಇಳಿಸಿ ಪ್ರತಿ ಹಂತದಲ್ಲೂ ಮೂಸುತ್ತದೆ. ಹಾಗಾಗಿ ಅದಕ್ಕೆ ಪಾಠ ಹೇಳಿಕೊಡಬಹುದು: ಇದು ಒದ್ದೆ ಬಟ್ಟೆ, ಇದು ಕಾದ ಎಲೆ, ಇದು ಹೊಗೆ. ಮನೆಯಲ್ಲಿ ಮೂರನ್ನೂ ಸರಿಯಾಗಿ ಗುರುತಿಸಿತು. ಜರ್ಮನಿಯ ಡ್ರೈಯಾಡ್ ಕಂಪನಿ ಕಾಡಿನ ಮರಗಳಿಗೆ ಕಟ್ಟುವ ಸಿಲ್ವಾನೆಟ್ ಪೆಟ್ಟಿಗೆಯಲ್ಲೂ ಇರುವುದು ಇದೇ ಚಿಪ್.

ಪಿಐಡಿ ದಾರಿಯೇ ಬೇರೆ. 10.6 ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಅಳತೆ) ನೇರಳಾತೀತ ದೀಪದಿಂದ ಆವಿಯ ಅಣುವಿನ ಎಲೆಕ್ಟ್ರಾನನ್ನೇ ಕಿತ್ತು, ಆಗ ಹರಿಯುವ ಕರೆಂಟ್ ಅಳೆಯುತ್ತದೆ. ಪೈನೀನ್‌ಗೆ ಸುಮಾರು 8 ಸಾಕು, ಹಾಗಾಗಿ ಎಲೆ ಬಾಡುವ ಮುಂಚೆಯೇ ಅಂಕಿ ಓಡತೊಡಗಿತು. ಆದರೆ ಅದನ್ನು ಹಾಗೇ ನಂಬಬೇಡಿ. ಉಪಕರಣಕ್ಕೆ ಅಳತೆ ಕೂರಿಸಿರುವುದು ಐಸೋಬ್ಯುಟಿಲೀನ್ ಅನ್ನುವ ಬೇರೆ ಅನಿಲದಿಂದ. ಪೈನೀನ್ ಆದರೆ ಬಂದ ಅಂಕಿಯನ್ನು ಸುಮಾರು 0.3ರಿಂದ ಗುಣಿಸಬೇಕು. ನೀರಾವಿ ಜಾಸ್ತಿಯಾದಾಗ ರೀಡಿಂಗ್ ಕುಸಿಯಿತು, ಹೊಗೆಯ ಮಸಿ ಕೂತರೆ ದೀಪವೇ ಮಂಕು. ಎರವಲು ತಂದ ವಸ್ತು ಬೇರೆ, ಹೊಗೆಗೆ ಹಿಡಿಯಲು ನನಗೆ ಧೈರ್ಯ ಬರಲಿಲ್ಲ.

ಏಪ್ರಿಲಿನಲ್ಲಿ ಪಕ್ಕದ ಹೊಲದವರು ಬದುವಿನ ತರಗೆಲೆ ಗುಡ್ಡೆ ಹಾಕಿ ಸುಟ್ಟರು. ನೀರಿನ ಡ್ರಮ್ಮು, ನಾಲ್ಕು ಜನ, ಎಲ್ಲ ಸಿದ್ಧ. ಗಾಳಿ ಬೀಸುವ ದಿಕ್ಕಿಗೆ ಇಪ್ಪತ್ತು ಹೆಜ್ಜೆ ದೂರ ಮೂರು ಸೆನ್ಸರ್ ಇಟ್ಟೆ. ಬಿಎಂಇ688 "ಕಾದ ಎಲೆ", "ಹೊಗೆ" ಅಂತ ತಡವರಿಸಿತು. ಮನೆಯಲ್ಲಿ ಕಲಿತ ಪಾಠ ಬಯಲಲ್ಲಿ ಅರ್ಧ ಮರೆತಿತ್ತು. ಸುಡುತ್ತಿದ್ದ ತಾತ ಕೇಳಿದರು, "ಹೊಗೆ ಕಣ್ಣಿಗೇ ಕಾಣ್ತೈತಲ್ಲಪ್ಪ, ಇದ್ಯಾಕೆ?"

ಅವರ ಪ್ರಶ್ನೆ ಸರಿಯೇ. ಪೈನೀನ್ ಆವಿ ಕಿಡಿ ತಾಗಿ ಹತ್ತಬೇಕಾದರೆ ಗಾಳಿಯಲ್ಲಿ ಸುಮಾರು 0.8 ಶೇಕಡಾ ಇರಬೇಕು, ಅಂದರೆ ಹತ್ತು ಲಕ್ಷಕ್ಕೆ 8,000 ಪಾಲು. ನಮ್ಮ ಮೂಗಿಗೆ ಘಮ ಅನ್ನಿಸುವುದು ಅದರ ಎಷ್ಟೋ ಸಾವಿರದ ಒಂದು ಪಾಲಿಗೇ. ಬೀಸುವ ಗಾಳಿಯಲ್ಲಿ ಅಷ್ಟು ದಟ್ಟವಾದ ಆವಿ ಉರಿಯ ಮಗ್ಗುಲಲ್ಲಲ್ಲದೆ ಬೇರೆಲ್ಲೂ ನಿಲ್ಲುವುದೇ ಇಲ್ಲ. ಅಲ್ಲಿ ಸೆನ್ಸರ್ ಇದ್ದರೆ ಅದು ಎಚ್ಚರಿಕೆ ಕೊಡುವ ಮುಂಚೆ ತಾನೇ ಸುಟ್ಟುಹೋಗುತ್ತದೆ. ಅದಕ್ಕೇ ಕಾಡಿಗೆ ಮಾಡಿದ ಪೆಟ್ಟಿಗೆಗಳು ಎಲೆಯ ಎಣ್ಣೆಗಿಂತ ತರಗೆಲೆ ಹೊಗೆಯಾಡುವಾಗ ಬರುವ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡನ್ನು ಹುಡುಕುವುದು. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಂಥ ದಿನಗಳಲ್ಲಿ ಬೇಕಾದದ್ದು ಆ ಮೊದಲ ಅರ್ಧ ಗಂಟೆ.

ನಾನು ದುಡ್ಡು ಹಾಕುವುದಾದರೆ ಬಿಎಂಇ688ಕ್ಕೇ. ಆದರೆ ಪಾಠ ಬಯಲಲ್ಲೇ ಹೇಳಿಕೊಡಬೇಕು. ಎಲೆಯ ಆವಿ ಎಷ್ಟು ಅಂತ ನಿಖರವಾಗಿ ಬೇಕಿರುವ ಕಾಲೇಜು ಲ್ಯಾಬಿಗೆ ಈ ನಾಲ್ಕರಲ್ಲಿ ಪಿಐಡಿ ಬಿಟ್ಟರೆ ಬೇರೆ ಗತಿಯಿಲ್ಲ. ಎಂಕ್ಯೂ-2 ಆಮೇಲೆ ನಮ್ಮ ಅಡುಗೆಮನೆಯಲ್ಲಿ ಸಿಲಿಂಡರ್ ಪಕ್ಕ ಇತ್ತು. ಒಗ್ಗರಣೆಗೆಲ್ಲ ಕೂಗುತ್ತದೆ ಅಂತ ಅಮ್ಮ ವೈರ್ ಕಿತ್ತು ಶೆಲ್ಫಿನ ಮೇಲೆ ಇಟ್ಟಿದ್ದಾಳೆ.