ಹಲ್ಲು ಉಳಿಸಿಕೊಳ್ಳೋದಾ, ಕೀಳಿಸೋದಾ?

ರಾತ್ರಿ ಹಲ್ಲುನೋವಿಗೆ ತಲೆದಿಂಬಿಗೆ ಕೆನ್ನೆ ಒತ್ತಿಕೊಂಡು ಕೂತವರಿಗೆ ‘ಕಿತ್ತು ಬಿಸಾಕಿದ್ರೆ ಸಾಕು’ ಅನ್ನಿಸುವುದು ಸಹಜ. ಆದರೂ ಸ್ವಲ್ಪ ತಡೆಯಿರಿ.

ಹಲ್ಲು ಉಳಿಸಿಕೊಳ್ಳುವ ದಾರಿ ರೂಟ್ ಕೆನಾಲ್ ಚಿಕಿತ್ಸೆ. ಇದರಲ್ಲಿ ಹಲ್ಲಿನೊಳಗಿನ ಸೋಂಕು ತಗುಲಿದ ತಿರುಳನ್ನು ಮಾತ್ರ ತೆಗೆಯುತ್ತಾರೆ. ಬೇರಿನೊಳಗಿನ ಕೂದಲಿನಷ್ಟು ಸಪೂರ ನಾಳಗಳನ್ನು ಪುಟ್ಟ ಫೈಲ್‌ಗಳಿಂದ ಉಜ್ಜಿ, ಔಷಧಿಯಿಂದ ತೊಳೆದು, ರಬ್ಬರಿನಂಥ ಗಟ್ಟಾಪರ್ಚ ತುಂಬಿ ಮುಚ್ಚುತ್ತಾರೆ. ಮೇಲಿನ ದವಡೆ ಹಲ್ಲಿನಲ್ಲಿ 3 ಅಥವಾ 4 ನಾಳ ಇರುವುದರಿಂದ ಕೆಲಸ ನಿಧಾನ. ಒಂದೆರಡು ಸಲ, ಕೆಲವೊಮ್ಮೆ ಇನ್ನೂ ಹೆಚ್ಚು ಸಲ ಹೋಗಬೇಕಾಗುತ್ತದೆ. ದವಡೆ ಹಲ್ಲಾದರೆ ಕ್ಯಾಪ್ (ಹಲ್ಲಿನ ಮೇಲೆ ಕೂರಿಸುವ ಗಟ್ಟಿ ಹೊದಿಕೆ) ಹಾಕಿಸಲೇಬೇಕು ಅನ್ನಿ. ಅದನ್ನು ಮುಂದೂಡಿ ಹಲ್ಲು ಸೀಳಿಸಿಕೊಂಡರೆ ಪಟ್ಟ ಪಾಡೆಲ್ಲ ವ್ಯರ್ಥ. ಜಾಗ ಮರಗಟ್ಟಿಸುವ ಮದ್ದು ಕೊಡುವುದರಿಂದ ನೋವಿನ ಭಯ ಬೇಡ.

ಕೀಳಿಸುವುದು ಬೇಗ ಮುಗಿಯುತ್ತದೆ, ಆ ಹೊತ್ತಿಗೆ ಖರ್ಚೂ ಕಡಿಮೆ. ಆದರೆ ಖಾಲಿ ಜಾಗ ಸುಮ್ಮನಿರುವುದಿಲ್ಲ: ಪಕ್ಕದ ಹಲ್ಲು ವಾಲುತ್ತದೆ, ಎದುರಿನದು ಆ ಜಾಗದತ್ತ ಚಾಚುತ್ತದೆ, ದವಡೆಯ ಮೂಳೆ ಸವೆಯುತ್ತದೆ. ಆಮೇಲೆ ಬ್ರಿಡ್ಜ್ (ಪಕ್ಕದ ಹಲ್ಲುಗಳ ಆಸರೆಯಲ್ಲಿ ಕೂರಿಸುವ ಕೃತಕ ಹಲ್ಲು) ಅಥವಾ ಇಂಪ್ಲಾಂಟ್ (ದವಡೆ ಮೂಳೆಗೆ ತಿರುಪು ಹಾಕಿ ಕೂರಿಸುವ ಹಲ್ಲು) ಎಂದು ಹೊರಟರೆ ಉಳಿಸಿದ್ದಕ್ಕಿಂತ ಹೆಚ್ಚೇ ಹೋದೀತು.

ಬೇರು ಉದ್ದಕ್ಕೆ ಸೀಳಿದ್ದರೆ, ಹಲ್ಲು ತೀರಾ ಅಲುಗಾಡುತ್ತಿದ್ದರೆ ಕೀಳಿಸುವುದೇ ಸರಿ. ಬುದ್ಧಿಹಲ್ಲಿಗೂ ಸಾಮಾನ್ಯವಾಗಿ ಅದೇ ಮಾತು. ಉಳಿದಂತೆ, ಗಟ್ಟಿ ಬೇರಿದ್ದರೆ ನನ್ನ ಮತ ಉಳಿಸಿಕೊಳ್ಳುವ ಕಡೆಗೆ.

ಬರೀ ಆಂಟಿಬಯೋಟಿಕ್ ನುಂಗಿಕೊಂಡು ದಿನ ತಳ್ಳಬೇಡಿ. ಸತ್ತ ತಿರುಳಿಗೆ ರಕ್ತ ಹರಿಯುವುದಿಲ್ಲ, ಮಾತ್ರೆ ಅಲ್ಲಿಗೆ ಮುಟ್ಟುವುದೂ ಇಲ್ಲ. ಮುಖ ಊದಿ ಜ್ವರ ಬಂದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಆ ಕ್ಷಣವೇ ಆಸ್ಪತ್ರೆಗೆ ಓಡಿ.